ಹದಿನಾಲ್ಕು ದಿನಗಳ ವಿನಿಮಯ, ಊರಿಗೆ ತಂದ ಪ್ರಶ್ನೆ

ವಾಣಿಜ್ಯ, ವ್ಯವಹಾರಾಡಳಿತ ಓದುವ ನಮ್ಮ ಮಕ್ಕಳಿಗೆ ಈಗ ಎರಡು ಮೂರು ವಾರಗಳ ವಿದೇಶ ವಿನಿಮಯ ಅಧ್ಯಯನದ ಅವಕಾಶ ಒದಗಿಬರುತ್ತಿದೆ. ಮನೆಯವರು ಉಳಿತಾಯ ತೆಗೆದು, ಕೆಲವೊಮ್ಮೆ ಒಡವೆ ಅಡವಿಟ್ಟು ಅವರನ್ನು ಕಳುಹಿಸುತ್ತಾರೆ. ಮರಳಿ ಬಂದಾಗ ಕೈಯಲ್ಲಿ ಒಂದು ಪ್ರಮಾಣಪತ್ರ, ಒಂದಿಷ್ಟು ಛಾಯಾಚಿತ್ರ, ಬಂಧುಗಳಿಗೆ ಚಾಕೊಲೇಟು. ಇಷ್ಟಕ್ಕೆ ಅಷ್ಟು ವೆಚ್ಚವೇ ಎಂದು ತಂದೆತಾಯಿ ಕೇಳಿಕೊಳ್ಳುವುದು ಸಹಜ. ವಿನಿಮಯವೆಂಬ ಪದದಲ್ಲಿಯೇ ಕೊಡುವುದೂ ಇದೆ, ಪಡೆಯುವುದೂ ಇದೆ. ನಮ್ಮ ಮಕ್ಕಳು ಅಲ್ಲಿ ಏನನ್ನು ಕೊಡುತ್ತಾರೆ, ಅಲ್ಲಿಂದ ಏನನ್ನು ತರುತ್ತಾರೆ ಎಂಬುದು ವಿಚಾರಾರ್ಹ.

ನಮ್ಮ ಧರ್ಮಕೇಂದ್ರದ ವ್ಯವಹಾರಾಡಳಿತ ವಿದ್ಯಾರ್ಥಿನಿಯೊಬ್ಬಳು ಇಂತಹ ಪ್ರವಾಸದಲ್ಲಿ ಸ್ಪೇನ್ ದೇಶದ ಬಾಸ್ಕ್ ಸೀಮೆಯ ಮೊಂಡ್ರಾಗೊನ್ ಎಂಬ ಊರಿಗೆ ಹೋಗಿ ಬಂದಳು. ಬೆಟ್ಟಗಳ ನಡುವಿನ ಆ ಸಣ್ಣ ಊರಿಗೆ ಜಗತ್ತಿನ ನಾನಾ ಕಡೆಗಳಿಂದ ವ್ಯವಹಾರ ಕಲಿಯುವವರು ಬರುತ್ತಾರೆ. ಇದಕ್ಕೆ ಮೂಲ ಕಾರಣರಾದವರು ಒಬ್ಬ ಧರ್ಮಗುರು. ಈ ಸಂಗತಿ ನಮ್ಮ ಕುಟುಂಬಗಳಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು.

ಅವರ ಹೆಸರು ಹೊಸೆ ಮರಿಯಾ ಅರಿಸ್ಮೆಂದಿಯರಿಯೇತಾ. 1915ರಲ್ಲಿ ರೈತ ಕುಟುಂಬದಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಒಂದು ಕಣ್ಣನ್ನು ಕಳೆದುಕೊಂಡರು. ಅಂತರ್ಯುದ್ಧದ ಕಾಲದಲ್ಲಿ ಸೆರೆವಾಸವನ್ನೂ ಕಂಡರು. ಗುರುದೀಕ್ಷೆಯ ನಂತರ ಬೆಲ್ಜಿಯಂ ದೇಶದ ಲುವೇನ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಬೇಕೆಂಬುದು ಅವರ ಆಸೆಯಾಗಿತ್ತು. ಮೇಲಧಿಕಾರಿಗಳು ಒಪ್ಪಲಿಲ್ಲ. 1941ರಲ್ಲಿ ಅವರನ್ನು ಸಹಾಯಕ ಗುರುವಾಗಿ ಮೊಂಡ್ರಾಗೊನ್‌ಗೆ ಕಳುಹಿಸಿದರು. ಯುದ್ಧದಿಂದ ಜರ್ಜರಿತವಾಗಿದ್ದ ಆ ಊರಿನಲ್ಲಿ ಕಾರ್ಮಿಕರ ಮಕ್ಕಳಿಗೆ ಮುಂದೆ ಓದುವ ದಾರಿಯೇ ಇರಲಿಲ್ಲ. ಗುರುಗಳು ಊರವರಿಂದ ನೆರವು ಕೂಡಿಸಿ 1943ರಲ್ಲಿ ಒಂದು ತಾಂತ್ರಿಕ ಶಾಲೆಯನ್ನು ತೆರೆದರು. ಅಲ್ಲಿ ಕಲಿತ ಐವರು ಯುವಕರು 1956ರಲ್ಲಿ ಸೀಮೆಎಣ್ಣೆ ಒಲೆ ತಯಾರಿಸುವ ‘ಉಲ್ಗೋರ್’ ಎಂಬ ಕಾರ್ಖಾನೆಯನ್ನು ಆರಂಭಿಸಿದರು. 1959ರಲ್ಲಿ ಕಾರ್ಮಿಕರದೇ ಒಂದು ಸಹಕಾರಿ ಬ್ಯಾಂಕು ಹುಟ್ಟಿತು. ಇಂದು ಆ ಬಳಗದಲ್ಲಿ ಹತ್ತಿರ ಹತ್ತಿರ ಎಪ್ಪತ್ತು ಸಾವಿರ ಮಂದಿ ದುಡಿಯುತ್ತಾರೆ. ಅದರದೇ ವಿಶ್ವವಿದ್ಯಾಲಯವೂ ಇದೆ. ಊರೊಳಗೆ ಸೈಕಲ್ಲಿನಲ್ಲಿ ಓಡಾಡುತ್ತ, ಸರಳವಾಗಿ ಬದುಕಿದ ಆ ಗುರುಗಳು 1976ರಲ್ಲಿ ನಿಧನರಾದರು. 2015ರಲ್ಲಿ ಧರ್ಮಸಭೆ ಅವರನ್ನು ‘ಪೂಜ್ಯ’ರೆಂದು ಘೋಷಿಸಿತು.

ಅಲ್ಲಿನ ವ್ಯವಸ್ಥೆಯ ತಿರುಳು ಸರಳ. ಸದಸ್ಯನಾಗುವ ಕೆಲಸಗಾರ ತನ್ನ ಪಾಲಿನ ಬಂಡವಾಳ ಹೂಡುತ್ತಾನೆ. ಪಾಲು ಎಷ್ಟೇ ಇರಲಿ, ಮಹಾಸಭೆಯಲ್ಲಿ ಒಬ್ಬರಿಗೆ ಒಂದೇ ಮತ. ಲಾಭದ ಒಂದು ಅಂಶ ಅವನ ಖಾತೆಯಲ್ಲಿ ಸೇರುತ್ತ ಹೋಗಿ, ನಿವೃತ್ತಿಯ ಕಾಲಕ್ಕೆ ಕೈಗೆ ಬರುತ್ತದೆ. ಅತ್ಯಂತ ಕೆಳಗಿನ ಮತ್ತು ಅತ್ಯಂತ ಮೇಲಿನ ಸಂಬಳಗಳ ಅಂತರ ಆರಂಭದಲ್ಲಿ ಒಂದಕ್ಕೆ ಮೂರರಷ್ಟಿತ್ತು. ಈಗ ಸಾಮಾನ್ಯವಾಗಿ ಆರರ ಮಿತಿಯಲ್ಲಿದೆ. ಇದು ದೋಷರಹಿತ ಸ್ವರ್ಗವೇನಲ್ಲ. ಬಳಗದ ಗೃಹೋಪಕರಣ ಸಂಸ್ಥೆಯಾಗಿದ್ದ ಫಾಗೋರ್ 2013ರಲ್ಲಿ ಕುಸಿದುಬಿತ್ತು. ಕೆಲಸ ಕಳೆದುಕೊಂಡ ಸದಸ್ಯರಲ್ಲಿ ಅನೇಕರಿಗೆ ಬಳಗದ ಇತರ ಸಂಸ್ಥೆಗಳು ಆಸರೆಯಾದವು. ಹೊರದೇಶಗಳ ಘಟಕಗಳಲ್ಲಿ ದುಡಿಯುವವರಿಗೆ ಸದಸ್ಯತ್ವವಿಲ್ಲವೆಂಬ ಟೀಕೆಯೂ ಇದೆ.

ಈ ವಿದ್ಯಾರ್ಥಿನಿ ಅಲ್ಲಿ ಕಂಡದ್ದೇನು? ತರಗತಿಯಲ್ಲಿ, ನಷ್ಟದಲ್ಲಿರುವ ಕಾರ್ಖಾನೆಯೊಂದನ್ನು ಉಳಿಸುವ ಬಗೆಯನ್ನು ಬರೆಯುವಂತೆ ಹೇಳಿದರು. ತಾನು ಕಲಿತಂತೆ ಅವಳು, ಐದರಲ್ಲೊಂದು ಪಾಲು ಕೆಲಸಗಾರರನ್ನು ಕಡಿಮೆ ಮಾಡಬೇಕೆಂದು ಬರೆದಳು. ಆಗ ಸ್ಥಳೀಯ ಸಹಪಾಠಿಯೊಬ್ಬ, “ಈ ನಿರ್ಣಯಕ್ಕೆ ಮತ ಹಾಕುವವರು ಯಾರು?” ಎಂದು ಕೇಳಿದನಂತೆ. ಅವಳಲ್ಲಿ ಉತ್ತರವಿರಲಿಲ್ಲ. ನಿಮ್ಮ ಊರಿನಲ್ಲಿ ಸಹಕಾರಿ ಸಂಸ್ಥೆಗಳಿವೆಯೇ ಎಂಬ ಇನ್ನೊಂದು ಪ್ರಶ್ನೆಗೂ ಅವಳು ಸುಮ್ಮನಾಗಬೇಕಾಯಿತು. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರ ಸಹಕಾರ ಸಂಘ ಹುಟ್ಟಿತ್ತೆಂದಾಗಲಿ, ಮಂಗಳೂರಿನ ಕಥೋಲಿಕರು 1912ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿದರೆಂದಾಗಲಿ ಅವಳು ಅರಿತಿರಲಿಲ್ಲ. ಬೆಳಗಿನ ನಂದಿನಿ ಹಾಲು ಕೂಡ ಸಹಕಾರದ ಫಲವೆಂಬುದು ಆಗ ನೆನಪಾಗಲಿಲ್ಲ. ಕೊಡಲು ಮನೆಯಲ್ಲಿ ಬೇಕಾದಷ್ಟಿತ್ತು. ಹೊರಡುವ ಮುನ್ನ ಕಟ್ಟಿಕೊಟ್ಟವರು ಯಾರೂ ಇರಲಿಲ್ಲ.

ಅವಳು ಹೊತ್ತು ತಂದದ್ದು ಮಾತ್ರ ಮನೆಯವರಿಗೆ ಭಾರವಾಯಿತು. ತಂದೆಯವರದು ಆರು ಮಂದಿ ದುಡಿಯುವ ಬೇಕರಿ. ಒಂದು ರಾತ್ರಿ ಊಟದ ವೇಳೆಗೆ ಅವಳು, “ಪಪ್ಪಾ, ನಮ್ಮಲ್ಲಿ ಹಿಟ್ಟು ನಾದುವವರಿಗೆ ವಯಸ್ಸಾದ ಮೇಲೆ ಏನು ಗತಿ?” ಎಂದು ಕೇಳಿದಳು. “ಈ ಪ್ರಶ್ನೆ ಕೇಳುವುದಕ್ಕಾಗಿ ನಿನ್ನ ತಾಯಿಯ ಬಳೆ ಅಡವಿಡಬೇಕಾಗಿತ್ತೇ?” ಎಂದು ತಂದೆ ಸಿಟ್ಟಾದರು. ಕೆಲವು ದಿನ ಮನೆಯಲ್ಲಿ ಮಾತೇ ಇರಲಿಲ್ಲ. ತಂದೆಯ ಸಿಟ್ಟಿಗೂ ಕಾರಣವಿತ್ತು: ಮೈದಾ, ಸಕ್ಕರೆಗಳ ಬೆಲೆ ಏರಿಕೆ, ತೀರದ ಸಾಲ. ಕೊನೆಗೆ ತಂದೆ ಮಗಳು ಕೂಡಿ ಲೆಕ್ಕದ ಪುಸ್ತಕ ತೆರೆದರು. ಪ್ರತಿ ಕೆಲಸಗಾರನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ತಿಂಗಳಿಗೊಂದು ಸಣ್ಣ ಮೊತ್ತ ಕಟ್ಟಲು ಆರಂಭಿಸಿದ್ದಾರೆ. ಪ್ರಶ್ನೆ ಅಲ್ಲಿಗೆ ಮುಗಿಯಿತೆಂದು ತಂದೆಯೂ ಹೇಳುವುದಿಲ್ಲ, ಮಗಳೂ ಹೇಳುವುದಿಲ್ಲ. ಅವರ ಒಪ್ಪಿಗೆಯಿಂದಲೇ ಇದನ್ನಿಲ್ಲಿ ಬರೆದಿದ್ದೇನೆ.

ಗೃಹಕೃತ್ಯಕ್ಕೆ ಬೇಕಾದುದನ್ನು ಹೊಂದಿಸುವ ಕಲೆ ಬೇರೆ, ಹಣದಿಂದ ಹಣವನ್ನೇ ಕೂಡಿಸುತ್ತ ಹೋಗುವ ಕಲೆ ಬೇರೆ ಎಂದು ಅರಿಸ್ಟಾಟಲ್ ವಿಂಗಡಿಸಿದ್ದನು. ಮೊದಲನೆಯದಕ್ಕೆ ಒಂದು ಮಿತಿಯಿದೆ, ಎರಡನೆಯದಕ್ಕಿಲ್ಲ. 1891ರಲ್ಲಿ ಜಗದ್ಗುರು 13ನೆಯ ಲಿಯೋ ನೀಡಿದ ‘ರೇರುಮ್ ನೊವಾರುಮ್’ ವಿಶ್ವಪತ್ರ ನ್ಯಾಯವಾದ ಕೂಲಿಯ ಹಕ್ಕನ್ನು ಎತ್ತಿಹಿಡಿಯಿತು. ಬಂಡವಾಳಕ್ಕಿಂತ ದುಡಿಮೆಗೆ ಮೊದಲ ಸ್ಥಾನವೆಂದು 1981ರಲ್ಲಿ 2ನೆಯ ಜಾನ್ ಪೌಲರು ಬೋಧಿಸಿದರು. ಸಂತ ಮತ್ತಾಯನ ಶುಭಸಂದೇಶದಲ್ಲಿ ಬರುವ ದ್ರಾಕ್ಷಿತೋಟದ ಯಜಮಾನನು ಸಂಜೆಗೆ ಬಂದ ಕೂಲಿಯಾಳಿಗೂ ಇಡೀ ದಿನದ ಕೂಲಿಯನ್ನಿತ್ತನು. ಆ ಆಳಿಗೂ ಮನೆಯಿದೆ, ಮಕ್ಕಳಿದ್ದಾರೆ ಎಂಬುದನ್ನು ಅವನ ಲೆಕ್ಕ ಮರೆತಿರಲಿಲ್ಲ.

ಆದುದರಿಂದ ಮಕ್ಕಳನ್ನು ವಿದೇಶಕ್ಕೆ ಕಳುಹಿಸುವ ತಂದೆತಾಯಂದಿರಲ್ಲಿ ಎರಡು ವಿನಂತಿ. ಹೊರಡುವ ಮುನ್ನ ಅವರಿಗೆ ನಮ್ಮ ಊರಿನ ದುಡಿಮೆಯ ಚರಿತ್ರೆಯನ್ನು ತಿಳಿಸಿರಿ. ಬಂದ ಮೇಲೆ ಅವರ ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳಿರಿ, ಅಪ್ರಿಯವಾದರೂ ಕೇಳಿರಿ. ಅವಕಾಶ ದೊರೆಯದ ಯುವಜನರೂ ಕುಗ್ಗಬೇಕಾಗಿಲ್ಲ. ಲುವೇನ್‌ಗೆ ಹೋಗಲಾಗದ ಗುರುವೊಬ್ಬರು ತಮ್ಮನ್ನು ಕಳುಹಿಸಿದ ಊರನ್ನೇ ಗಮನವಿಟ್ಟು ನೋಡಿದರು. ಇಂದು ಲೋಕವೇ ಆ ಊರಿಗೆ ಕಲಿಯಲು ಬರುತ್ತಿದೆ.