ಉಪಕರಣದ ದೋಷವೂ ಗಣಿತದ ಪರಿಹಾರವೂ

ಮಳೆಗಾಲದ ರಾತ್ರಿ ತುಂಗೆಯ ದಡದ ದೀಪವೊಂದನ್ನು ಹನಿ ಹಿಡಿದ ಗಾಜಿನ ಮೂಲಕ ನೋಡಿದರೆ, ಅದು ಬಿಂದುವಾಗಿ ಕಾಣದೆ ಹರಡಿದ ಬೆಳಕಾಗಿ ತೋರುವುದಷ್ಟೆ. ದೋಷವು ದೀಪದ್ದಲ್ಲ, ಗಾಜಿನದು. ಪ್ರಯೋಗಶಾಲೆಯ ಉಪಕರಣಗಳೆಲ್ಲವೂ ಒಂದಲ್ಲ ಒಂದು ಪ್ರಮಾಣದಲ್ಲಿ ಇಂತಹ ಗಾಜುಗಳೇ ಸರಿ. ಆದರೆ ಉಪಕರಣವು ಒಂದೇ ಬಿಂದುವನ್ನು ಹೇಗೆ ಹರಡುವುದೆಂಬುದನ್ನು ಮೊದಲೇ ಅರಿತಿದ್ದರೆ, ಹರಡಿದ್ದನ್ನು ಲೆಕ್ಕದಿಂದ ಮರಳಿ ಕೂಡಿಸಬಹುದು. ಈ ವಿಧಾನಕ್ಕೆ ಡೀಕನ್‌ವಲ್ಯೂಷನ್ ಎಂದು ಹೆಸರು.

ಒಂದು ಉಪಕರಣವು ಪ್ರತಿ ಸ್ಥಾನದ ಬೆಳಕಿನ ಅರ್ಧವನ್ನು ಅಲ್ಲಿಯೇ ಉಳಿಸಿ, ಕಾಲು ಕಾಲು ಭಾಗವನ್ನು ಎರಡು ಪಕ್ಕಗಳಿಗೂ ಚೆಲ್ಲುವುದೆಂದು ಭಾವಿಸಿರಿ. ಸಾಲಾದ ಐದು ಸ್ಥಾನಗಳಲ್ಲಿ ಅದು 1, 2, 3, 4, 2 ಎಂದು ತೋರಿಸಿತು. ಅತ್ಯಧಿಕವಾದ 4 ನಾಲ್ಕನೆಯ ಸ್ಥಾನದ್ದು. ಅಲ್ಲಿ ನಿಜವಾಗಿ 8 ಇದ್ದರೆ 2, 4, 2 ಎಂದು ಹರಡುವುದು. ಅದನ್ನು ಕಳೆದರೆ 1, 2, 1 ಉಳಿಯುವುದು. ಇದು ಎರಡನೆಯ ಸ್ಥಾನದ 4ರ ಹರಡಿಕೆ. ಆದಕಾರಣ ನಿಜವು 0, 4, 0, 8, 0. ನಡುವೆ ಕಂಡ 3 ಬರಿಯ ಭ್ರಮೆ!

ಹೀಗೆ ದೊಡ್ಡದನ್ನು ಹುಡುಕಿ ಅದರ ಹರಡಿಕೆಯನ್ನು ಸ್ವಲ್ಪಸ್ವಲ್ಪವಾಗಿ ಕಳೆಯುತ್ತ ಹೋಗುವ ಕ್ರಮವನ್ನು ಹೋಗ್ಬೊಮ್ ಎಂಬ ವಿಜ್ಞಾನಿಯು 1974ರಲ್ಲಿ ರೇಡಿಯೋ ದೂರದರ್ಶಕಗಳಿಗಾಗಿ ಪ್ರಕಟಿಸಿದನು. ಅದಕ್ಕೆ ‘ಕ್ಲೀನ್’ ಎಂದು ಹೆಸರು. ನಮ್ಮ ನಾಡಿನ ಗೌರಿಬಿದನೂರಿನಲ್ಲಿಯೂ ಇದರ ಅವಶ್ಯಕತೆ ಒದಗಿತು. ಅಲ್ಲಿ ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ ಆಂಟೆನಾಗಳು 34.5 ಮೆಗಾಹರ್ಟ್ಸ್‌ನ, ಎಂದರೆ ಸುಮಾರು 8.7 ಮೀಟರ್ ಉದ್ದದ, ಅಲೆಗಳನ್ನು ಹಿಡಿದವು. ಅಲೆ ಇಷ್ಟು ಉದ್ದವಾದ್ದರಿಂದ ಬಿಂದುವಿನಂತಹ ಆಕಾಶಕಾಯವೂ ಸುಮಾರು ಪೂರ್ಣಚಂದ್ರನಷ್ಟು ಅಗಲವಾಗಿ ಮೂಡುತ್ತಿತ್ತು. ದ್ವಾರಕಾನಾಥ್, ದೇಶಪಾಂಡೆ, ಉದಯಶಂಕರ್ ಎಂಬ ವಿಜ್ಞಾನಿಗಳು ವಿಶಾಲವಾದ ಆಕಾಶಚಿತ್ರಗಳಿಗೆ ಒಪ್ಪುವಂತೆ ಆ ಕ್ರಮವನ್ನು ಮಾರ್ಪಡಿಸಿ 1990ರಲ್ಲಿ ಪ್ರಕಟಿಸಿದರು.

ಆದರೆ ಎಚ್ಚರಿಕೆ ಅವಶ್ಯಕ. ಮೇಲಿನ ಲೆಕ್ಕದಲ್ಲಿ 3ನ್ನು ತಪ್ಪಾಗಿ 4 ಎಂದು ಓದಿದ್ದರೆ, ನಿಷ್ಠುರವಾದ ಗಣಿತವು 2, 0, 6, 4, 2 ಎಂದು ಉತ್ತರವೀಯುವುದು. ಇದ್ದ ದೀಪವೊಂದು ಮಾಯವಾಗಿ, ಇಲ್ಲದೆಡೆಯಲ್ಲಿ ದೊಡ್ಡ ದೀಪವು ಬೆಳಗುವುದು! ಅಲ್ಪ ದೋಷವು ತಿದ್ದುಪಡಿಯಿಂದಲೇ ಮಹಾದೋಷವಾಗುವುದು. ಆದುದರಿಂದಲೇ ಬಲ್ಲವರು ಅಳತೆಯ ಅನಿಶ್ಚಯದ ಮಟ್ಟ ತಲುಪಿದೊಡನೆ ಕಳೆಯುವುದನ್ನು ನಿಲ್ಲಿಸುವರು; ಮೂಲದ ಅಂಕಿಗಳನ್ನು ಅಳಿಸದೆ ಕಾದಿಡುವರು.

ಪ್ರಯೋಗದ ಪುಸ್ತಕದಲ್ಲಿ ಬಂದ ಅಂಕಿಯನ್ನು ಬಂದಂತೆಯೇ ಬರೆಯಬೇಕೆಂದು ಉಪಾಧ್ಯಾಯಿನಿಯರು ಹೇಳುತ್ತಿದ್ದುದನ್ನು ಪೂರ್ವವಿದ್ಯಾರ್ಥಿನಿಯರು ಮರೆತಿರಲಾರರು. ಅದರ ಅರ್ಥವು ಇದೇ: ತಿದ್ದುವ ಹಕ್ಕು, ತನ್ನ ಉಪಕರಣದ ದೋಷವನ್ನು ಮೊದಲು ಅಳೆದು ಒಪ್ಪಿಕೊಂಡವರಿಗೆ ಮಾತ್ರ ಸಲ್ಲುವುದು.