‘ಏನಿಲ್ಲ, ಆಮೇಲೆ ಹೇಳ್ತೀನಿ’

ಹೋದ ವರ್ಷ ಮನೆಯವರೆಲ್ಲ ಕಲಾವಿದರೊಬ್ಬರ ಮನೆ-ಮ್ಯೂಸಿಯಂ ನೋಡಲು ಹೋಗಿದ್ದೆವು. ಗೈಡ್ ಸೊಗಸಾಗಿ ಮಾತಾಡುತ್ತಿದ್ದರು, ಜನ ನಗುತ್ತಿದ್ದರು. ನನ್ನ ತಮ್ಮನಿಗೆ ಕಿವಿ ಕೇಳಿಸುವುದಿಲ್ಲ. ‘ಏನಂತೆ?’ ಎಂದು ಕೈಯಲ್ಲೇ ಕೇಳಿದ. ‘ಏನಿಲ್ಲ, ಆಮೇಲೆ ಹೇಳ್ತೀನಿ’ ಅಂದೆ. ಆ ‘ಆಮೇಲೆ’ ಬರಲೇ ಇಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಕಿಟಕಿ ಕಡೆ ಮುಖ ಮಾಡಿ ಕೂತ. ಅವನು ನನ್ನ ಕಡೆ ನೋಡದಿದ್ದರೆ ನಮ್ಮಿಬ್ಬರಿಗೆ ಮಾತೇ ಇಲ್ಲ.

ಈ ಸಲ ಬಿಇ ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಅದು ನೆನಪಾಯಿತು. ಯಾವ ಮನೆಗೆ ಮಾಡೋಣ ಎಂದರೆ ತಮ್ಮ ಮೊಬೈಲಿನಲ್ಲಿ ಒಂದು ಶಿಲ್ಪದ ಫೋಟೊ ತೋರಿಸಿದ. ಕುಳಿತ ಮೇಷ್ಟ್ರು ಥಾಮಸ್ ಗ್ಯಾಲೊಡೆಟ್, ಪಕ್ಕದಲ್ಲಿ ಕಿವಿ ಕೇಳದ ಪುಟ್ಟ ಹುಡುಗಿ ಆಲಿಸ್ ಕಾಗ್ಸ್‌ವೆಲ್. ಸನ್ನೆಯಲ್ಲಿ ‘ಎ’ ಅಕ್ಷರದ ಪಾಠ ನಡೆದಿದೆ. 1889ರಲ್ಲಿ ಇದನ್ನು ಮಾಡಿದವರು ಡೇನಿಯಲ್ ಚೆಸ್ಟರ್ ಫ್ರೆಂಚ್. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದಲ್ಲಿರುವ ಲಿಂಕನ್ ಕೂಡ ಅವರದ್ದೇ. ಆ ಲಿಂಕನ್ ಕೈಗಳು ಸನ್ನೆಯಲ್ಲಿ ‘ಎ’, ‘ಎಲ್’ ಎನ್ನುತ್ತಿವೆ ಎಂಬುದು ತಮ್ಮನ ವಾದ. ಹುಡುಕಿದೆ, ದಾಖಲೆ ಇಲ್ಲವಂತೆ. ಆದರೆ ಕಿವುಡರ ಕಾಲೇಜು ಪದವಿ ಕೊಡಬಹುದೆಂಬ ಕಾಯ್ದೆಗೆ 1864ರಲ್ಲಿ ಸಹಿ ಹಾಕಿದ್ದು ಲಿಂಕನ್ನರೇ. ತಮ್ಮ ಇನ್ನೂ ತನ್ನ ವಾದ ಬಿಟ್ಟಿಲ್ಲ.

ಮ್ಯಾಸಚೂಸೆಟ್ಸಿನ ಸ್ಟಾಕ್‌ಬ್ರಿಜ್‌ನಲ್ಲಿರುವ ಫ್ರೆಂಚರ ಮನೆ ‘ಚೆಸ್ಟರ್‌ವುಡ್’ ಈಗ ಮ್ಯೂಸಿಯಂ. ಅಲ್ಲಿನ ಸ್ಟುಡಿಯೊದೊಳಗೆ ರೈಲು ಹಳಿ ಇದೆ! ಬಯಲಿನಲ್ಲಿ ನಿಲ್ಲುವ ಮೂರ್ತಿ ಬಿಸಿಲಿನಲ್ಲಿ ಹೇಗೆ ಕಾಣುತ್ತದೆಂದು ನೋಡಲು, ಅದನ್ನು ಗಾಡಿಯ ಮೇಲೆ ದೊಡ್ಡ ಬಾಗಿಲಿನಿಂದ ಹೊರಗೆ ತಳ್ಳುತ್ತಿದ್ದರು. ಮೆಕ್ಯಾನಿಕಲ್ ಗೆಳೆಯನಿಗೆ ಹೇಳಿದ್ದೇ ತಡ, ಅವನೂ ತಂಡಕ್ಕೆ ಸೇರಿದ.

ಸಬ್‌ಟೈಟಲ್ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆವು. ಫೋಟೊಗಳನ್ನು ಗೋಡೆಗೆ ಅಂಟಿಸಿ, ಕ್ಯೂಆರ್ ಕೋಡ್ ಇಟ್ಟು ತಮ್ಮನನ್ನು ಕರೆದೆವು. ಅವನು ಓದಿದ, ಓದಿದ, ಫೋಟೊ ನೋಡಲೇ ಇಲ್ಲ. ನಮಗೆ ಕಿವಿ ಗೈಡ್ ಕಡೆ, ಕಣ್ಣು ಮೂರ್ತಿ ಕಡೆ ಇದ್ದರಾಯಿತು. ಅವನಿಗೆ ಎರಡಕ್ಕೂ ಕಣ್ಣೇ. ಮೇಲಾಗಿ ಅವನ ಮೊದಲ ಭಾಷೆ ಸನ್ನೆ. ಉದ್ದುದ್ದ ಕನ್ನಡ ವಾಕ್ಯ ಅವನಿಗೆ ನಮ್ಮ ಇಂಗ್ಲಿಷ್ ಟೆಕ್ಸ್ಟ್‌ಬುಕ್ ಇದ್ದ ಹಾಗೆ. ಅಮೆರಿಕದ ಸನ್ನೆ ವಿಡಿಯೊ ಹಾಕಿದರೂ ಪ್ರಯೋಜನವಿಲ್ಲ, ಅದು ಬೇರೆಯೇ ಭಾಷೆ. ಅಲ್ಲಿ ಅಕ್ಷರಗಳಿಗೆ ಒಂದು ಕೈ ಸಾಕು, ನಮ್ಮಲ್ಲಿ ಹೆಚ್ಚಾಗಿ ಎರಡು ಬೇಕು.

ಹಾಗಾಗಿ ಈಗ ಭಾರತೀಯ ಸನ್ನೆ ಭಾಷೆಯ ತುಣುಕು ವಿಡಿಯೊ ಮಾಡುತ್ತಿದ್ದೇವೆ. ಎರಡು ಮಾತು ಆದ ಮೇಲೆ ಪರದೆ ಖಾಲಿಯಾಗುತ್ತದೆ: ಈಗ ಮೂರ್ತಿ ನೋಡು ಎಂದು. ಗೈಡ್‌ಗಳಿಗೂ ಒಂದು ಪುಟದ ಸೂಚನೆ ಬರೆದಿದ್ದೇವೆ. ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ, ಮುಖ ಕಪ್ಪಾಗಿ ಕಾಣುತ್ತದೆ. ಬೆರಳು ತೋರಿಸುವಾಗ ಮಾತು ನಿಲ್ಲಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ರೈಲು ಹಳಿಯ ಭಾಗವನ್ನು ಸನ್ನೆಯಲ್ಲಿ ಹೇಳಿರುವುದು ತಮ್ಮನೇ. ನಡುವೆ ಒಂದು ಕಡೆ ತಾನೇ ನಕ್ಕುಬಿಟ್ಟಿದ್ದಾನೆ. ಏನದು ಎಂದು ಕೇಳಿದೆ.

‘ಏನಿಲ್ಲ, ಆಮೇಲೆ ಹೇಳ್ತೀನಿ’ ಅಂದ.