ಸುಂಕದ ಕಟ್ಟೆ ದಾಟುವ ಪೆಟ್ಟಿಗೆ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬುದು ನಮ್ಮ ಹಳೆಯ ಗಾದೆ. ಎತ್ತಿನ ಬೆನ್ನಿನ ಮೇಲೆ ಅಡಕೆ ಮೆಣಸುಗಳ ಹೇರು ಹೊರಿಸಿಕೊಂಡು ಹೊರಟ ವರ್ತಕನು ಗಡಿಯ ಕಟ್ಟೆಯ ಮುಂದೆ ಹೇರನ್ನು ಇಳಿಸಲೇಬೇಕಾಗಿತ್ತು. ತೂಗಿಸಿ, ತೋರಿಸಿ, ತೆರಬೇಕಾದುದನ್ನು ತೆತ್ತ ಮೇಲೆಯೇ ಮುಂದಿನ ದಾರಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನು ಆ ಕಾಯಕದ ಹೆಸರಿನಿಂದಲೇ ಪ್ರಸಿದ್ಧನಾಗಿದ್ದಾನೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಕಟ್ಟೆ ಹೋಗಿ ಬಡಾವಣೆ ಎದ್ದು ಎಷ್ಟೋ ಕಾಲವಾದರೂ ಸುಂಕದಕಟ್ಟೆಯೆಂಬ ಹೆಸರು ಇನ್ನೂ ಅಳಿದಿಲ್ಲ.

ಕಾಲ ಬದಲಾಗಿದೆ; ಎತ್ತಿನ ಹೇರು ಹೋಗಿ ಗಾಲಿಯ ಪೆಟ್ಟಿಗೆ ಬಂದಿದೆ. ಆದರೆ ಕಟ್ಟೆಯ ಧರ್ಮ ಮಾತ್ರ ಬದಲಾಗಿಲ್ಲ. ವಿದೇಶದಿಂದ ವಿಮಾನದಲ್ಲಿ ಬಂದು, ನಡುವೆ ಇಳಿದು, ಇನ್ನೊಂದು ವಿಮಾನ ಹತ್ತಿ ಸ್ವಂತ ಊರಿಗೆ ತೆರಳುವ ನಮ್ಮ ಕುಟುಂಬಗಳು ಇಂದು ಕಡಮೆಯಲ್ಲ. ಧಾರವಾಡದ ಅಜ್ಜಿ ಅಮೆರಿಕದಲ್ಲಿ ಮಗಳ ಬಾಣಂತನ ಮುಗಿಸಿ ಬರುತ್ತಾಳೆ. ಮೈಸೂರಿನ ನಿವೃತ್ತ ಉಪಾಧ್ಯಾಯರು ಲಂಡನ್ನಿನ ಮಗನ ಮನೆಯಿಂದ ಹಿಂದಿರುಗುತ್ತಾರೆ. ಭಟ್ಕಳದ ತರುಣನು ದುಬಾಯಿಯಿಂದ ಹಬ್ಬಕ್ಕೆ ಊರಿಗೆ ಓಡಿಬರುತ್ತಾನೆ. ಇವರೆಲ್ಲರ ಮನಸ್ಸಿನಲ್ಲಿಯೂ ಒಂದೇ ಪ್ರಶ್ನೆ: ‘ನಮ್ಮ ಪೆಟ್ಟಿಗೆ ತಾನಾಗಿ ಊರು ಸೇರುವುದೇ, ಅಥವಾ ನಡುದಾರಿಯಲ್ಲಿ ನಾವೇ ಇಳಿಸಿಕೊಳ್ಳಬೇಕೆ?’ ಈ ಪ್ರಶ್ನೆಗೆ ಉತ್ತರ ತಿಳಿಯದೆ ಹೊರಟವರ ಪೆಟ್ಟಿಗೆ ಒಂದು ನಿಲ್ದಾಣದಲ್ಲಿ, ಅವರು ಇನ್ನೊಂದು ನಿಲ್ದಾಣದಲ್ಲಿ ಎಂಬ ಪಾಡು ಸಾಮಾನ್ಯವಾಗಿದೆ. ಸೀರೆ ಪಂಚೆಗಳಷ್ಟೇ ಅದರಲ್ಲಿದ್ದರೆ ಚಿಂತೆಯಿಲ್ಲ. ರಕ್ತದೊತ್ತಡದ ಗುಳಿಗೆಗಳೋ ಮಧುಮೇಹದ ಔಷಧಿಯೋ ಅದರಲ್ಲಿದ್ದರೆ ಅದು ಪ್ರಾಣದ ಮಾತಾಗುತ್ತದೆ.

ಚೀಟಿ ಹೇಳುವುದೊಂದು, ಕಾನೂನು ಹೇಳುವುದೊಂದು

ಹೊರಡುವ ಊರಿನಲ್ಲಿ ಸಾಮಾನು ಒಪ್ಪಿಸಿದಾಗ ಪೆಟ್ಟಿಗೆಯ ಹಿಡಿಗೆ ಒಂದು ಉದ್ದನೆಯ ಚೀಟಿ ಅಂಟಿಸುತ್ತಾರೆ. ಅದರಲ್ಲಿ ದಪ್ಪಕ್ಷರದ ಮೂರು ಅಕ್ಷರಗಳ ಸಂಕೇತವಿರುತ್ತದೆ. ಬೆಂಗಳೂರಿಗೆ ‘ಬಿ.ಎಲ್.ಆರ್.’, ಮಂಗಳೂರಿಗೆ ‘ಐ.ಎಕ್ಸ್.ಇ.’, ಹುಬ್ಬಳ್ಳಿಗೆ ‘ಎಚ್.ಬಿ.ಎಕ್ಸ್.’, ಮೈಸೂರಿಗೆ ‘ಎಂ.ವೈ.ಕ್ಯೂ.’. ಜೊತೆಗೆ ಹತ್ತು ಅಂಕಿಗಳ ಒಂದು ಸಂಖ್ಯೆ. ಮೋಟಾರಿಗೆ ನಂಬರಿನ ಫಲಕವಿದ್ದಂತೆ ಪೆಟ್ಟಿಗೆಗೆ ಈ ಸಂಖ್ಯೆ.

ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದರೆ ಚೀಟಿಯ ಮೇಲೆ ಕೊನೆಯ ಊರಿನ ಸಂಕೇತವೇ ಇರಬಹುದು. ಗೊಂದಲ ಹುಟ್ಟುವುದು ಇಲ್ಲಿಯೇ. ‘ಹುಬ್ಬಳ್ಳಿಗೆ ಎಂದು ಚೀಟಿ ಹಚ್ಚಿದ್ದಾರೆ, ಇನ್ನು ಹುಬ್ಬಳ್ಳಿಯಲ್ಲಿಯೇ ನೋಡಿಕೊಂಡರಾಯಿತು’ ಎಂದು ಪ್ರಯಾಣಿಕನು ನಿಶ್ಚಿಂತನಾಗುತ್ತಾನೆ. ಭಾರತದ ಸಾಮಾನ್ಯ ಕ್ರಮವಾದರೋ ಬೇರೆ. ವಿದೇಶದಿಂದ ಬಂದವನು ದೇಶದೊಳಗೆ ಮೊದಲು ಇಳಿದ ನಿಲ್ದಾಣದಲ್ಲಿಯೇ ವಲಸೆ ಅಧಿಕಾರಿಗೆ ಪಾಸ್‌ಪೋರ್ಟ್ ತೋರಿಸಿ, ಸಾಮಾನಿನ ಪಟ್ಟಿಯ ಬಳಿ ಪೆಟ್ಟಿಗೆಗಳನ್ನು ಇಳಿಸಿಕೊಂಡು, ಸುಂಕದ ದ್ವಾರವನ್ನು ದಾಟಿ, ಅನಂತರ ಅದೇ ಪೆಟ್ಟಿಗೆಗಳನ್ನು ದೇಶೀಯ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು. ಚೀಟಿಯ ಮೇಲೆ ಹುಬ್ಬಳ್ಳಿಯೆಂದಿದ್ದರೂ ಮುಂಬಯಿಯಲ್ಲಿ ಇಳಿದರೆ ಮುಂಬಯಿಯಲ್ಲಿಯೇ ಈ ಕೆಲಸವಾಗಬೇಕು.

ಕಾರಣವೇನು? 1962ರ ಕಸ್ಟಮ್ಸ್ ಕಾಯಿದೆಯ 77ನೆಯ ಕಲಮಿನಂತೆ ಸಾಮಾನಿನ ಒಡೆಯನೇ ಅದರಲ್ಲಿರುವುದನ್ನು ಅಧಿಕಾರಿಗೆ ತಿಳಿಸಬೇಕು. ದೇಶೀಯ ವಿಮಾನಗಳ ಸಾಮಾನು ಬರುವ ಅಂಗಳದಲ್ಲಿ ಅದನ್ನು ಕೇಳುವ ಕಟ್ಟೆಯಿಲ್ಲ. ವಿದೇಶದ ಪೆಟ್ಟಿಗೆ ನೇರವಾಗಿ ಅಲ್ಲಿಗೆ ಬಂದು ಬಿದ್ದರೆ ಚಿನ್ನದ ಗಟ್ಟಿಯೂ ಅಜ್ಜಿಯ ಶಾಲೂ ಸರಿಸಮವಾಗಿ ಹೊರಗೆ ನಡೆದುಬಿಡುತ್ತವೆ. ಚಿನ್ನದ ಕಳ್ಳಸಾಗಣೆ ನಮ್ಮ ದೇಶಕ್ಕೆ ಹೊಸದಲ್ಲ. 1968ರ ಚಿನ್ನ ನಿಯಂತ್ರಣ ಕಾಯಿದೆ 1990ರಲ್ಲಿ ರದ್ದಾಯಿತಾದರೂ ಚಿನ್ನದ ಆಸೆ ರದ್ದಾಗಲಿಲ್ಲ. ಆದುದರಿಂದಲೇ ಮೊದಲ ಬಾಗಿಲಲ್ಲಿ ಈ ಕಾವಲು.

ಇದಕ್ಕೆ ಅಪವಾದಗಳಿಲ್ಲದಿಲ್ಲ. ವಿದೇಶದಿಂದ ಬಂದ ವಿಮಾನವೇ ಒಂದು ನಿಲ್ದಾಣದಲ್ಲಿ ತಂಗಿ, ಸುಂಕದ ವ್ಯವಸ್ಥೆಯಿರುವ ಮತ್ತೊಂದು ನಿಲ್ದಾಣಕ್ಕೆ ಮುಂದುವರಿಯುವುದಾದರೆ ಎರಡನೆಯ ಊರಿನಲ್ಲಿ ತಪಾಸಣೆ ನಡೆಯುವುದುಂಟು. ದೆಹಲಿಯಲ್ಲಿಳಿದು ಕಠ್ಮಂಡುವಿಗೋ ಕೊಲಂಬೋಗೋ ಹೋಗುವವನು ದೇಶದೊಳಗೆ ಕಾಲಿಡುವುದಿಲ್ಲವಾದ್ದರಿಂದ ಅವನ ಪೆಟ್ಟಿಗೆ ಸಾಮಾನ್ಯವಾಗಿ ನೇರವಾಗಿಯೇ ಹೋಗುತ್ತದೆ. ಸಂಶಯವಿದ್ದಲ್ಲಿ ಹೊರಡುವ ಊರಿನ ಕಟ್ಟೆಯಲ್ಲಿಯೇ ‘ಪೆಟ್ಟಿಗೆಯನ್ನು ನಾನು ಎಲ್ಲಿ ಇಳಿಸಿಕೊಳ್ಳಬೇಕು?’ ಎಂದು ಕೇಳುವುದು ಉತ್ತಮ. ‘ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದರೆ ಬರುವ ಉತ್ತರ ಚೀಟಿಯಲ್ಲಿರುವ ಉತ್ತರವೇ!

ಹಸಿರು ದಾರಿ, ಕೆಂಪು ದಾರಿ

ಸುಂಕದ ಅಂಗಳದಲ್ಲಿ ಎರಡು ದಾರಿಗಳಿವೆ. ಸುಂಕ ತೆರಬೇಕಾದುದೂ ನಿಷಿದ್ಧವಾದುದೂ ಇಲ್ಲದವರಿಗೆ ಹಸಿರು, ಇದ್ದವರಿಗೆ ಕೆಂಪು. ಹಸಿರು ದಾರಿಯಲ್ಲಿ ನಡೆಯುವುದೇ ‘ನನ್ನಲ್ಲಿ ಏನೂ ಇಲ್ಲ’ ಎಂದು ಸಾರಿದಂತೆ. ಅಲ್ಲಿ ಸಿಕ್ಕಿಬಿದ್ದ ಮೇಲೆ ‘ತಿಳಿಯಲಿಲ್ಲ’ ಎಂಬ ಮಾತಿಗೆ ಹೆಚ್ಚಿನ ಬೆಲೆಯಿಲ್ಲ.

ಬಳಸಿದ ಬಟ್ಟೆಬರೆ, ನಿತ್ಯೋಪಯೋಗದ ಸ್ವಂತ ವಸ್ತುಗಳಿಗೆ ಸುಂಕವಿಲ್ಲ. ಅದರ ಮೇಲೆ ತರುವ ವಸ್ತುಗಳಿಗೆ 2016ರ ನಿಯಮಗಳು ಸಾಮಾನ್ಯವಾಗಿ ತಲೆಗೆ 50,000 ರೂಪಾಯಿಯ ವಿನಾಯಿತಿ ಕೊಟ್ಟಿದ್ದವು. 2026ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳು ಅದನ್ನು ದೇಶದ ನಿವಾಸಿಗಳಿಗೂ ಭಾರತೀಯ ಮೂಲದ ಪ್ರವಾಸಿಗಳಿಗೂ 75,000 ರೂಪಾಯಿಗೆ ಏರಿಸಿದವು. ಈ ಮಿತಿ ತಲೆಗೊಂದು. ಗಂಡನದನ್ನೂ ಹೆಂಡತಿಯದನ್ನೂ ಕೂಡಿಸಿ ಒಂದೇ ದುಬಾರಿ ವಸ್ತುವಿಗೆ ಹೊಂದಿಸುವಂತಿಲ್ಲ. ಮದ್ಯ ಎರಡು ಲೀಟರು, ಸಿಗರೇಟು ನೂರು, ಇದಕ್ಕೆ ಮೀರಿದರೆ ಸುಂಕ. ಚಪ್ಪಟೆ ಪರದೆಯ ಟೆಲಿವಿಷನ್ ಪೆಟ್ಟಿಗೆಗಿದ್ದ ರಿಯಾಯಿತಿ 2013ರ ಆಗಸ್ಟ್‌ನಲ್ಲಿಯೇ ಹೋಯಿತು. ವಿದೇಶಿ ನೋಟುಗಳು 5,000 ಡಾಲರಿನ ಬೆಲೆಯನ್ನು ಮೀರಿದರೂ, ನೋಟು ಚೆಕ್ಕುಗಳೆಲ್ಲ ಸೇರಿ 10,000 ಡಾಲರನ್ನು ಮೀರಿದರೂ ಬರೆದು ತಿಳಿಸಬೇಕು.

ತಂದ ವಸ್ತುವಿಗೆ ಸುಂಕ ತೆರಲು ಮನಸ್ಸಿಲ್ಲದಿದ್ದರೆ ಅದಕ್ಕೂ ಒಂದು ಉಪಾಯ ಕಾನೂನಿನಲ್ಲಿದೆ. ಮೊದಲೇ ನಿಜವನ್ನು ತಿಳಿಸಿದವನು, ಕಾಯಿದೆಯ 80ನೆಯ ಕಲಮಿನಂತೆ, ಆ ವಸ್ತುವನ್ನು ಕಟ್ಟೆಯಲ್ಲಿಯೇ ಇರಿಸಿ ದೇಶ ಬಿಡುವಾಗ ಹಿಂದಕ್ಕೆ ಪಡೆಯಲು ಕೇಳಿಕೊಳ್ಳಬಹುದು. ಸತ್ಯ ನುಡಿದವನಿಗೆ ಮಾತ್ರ ಈ ಸೌಕರ್ಯ.

ಮನೆಯ ಒಡವೆಯ ಮಾತು

ನಮ್ಮ ಗೃಹಿಣಿಯರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮೊಮ್ಮಗನ ಉಪನಯನಕ್ಕೋ ಮಗಳ ಸೀಮಂತಕ್ಕೋ ವಿದೇಶಕ್ಕೆ ಹೊರಟ ತಾಯಿ ತನ್ನ ಮದುವೆಯ ಬಳೆ, ಅವಲಕ್ಕಿ ಸರ, ಓಲೆಗಳನ್ನು ಧರಿಸಿ ಹೋಗುತ್ತಾಳೆ. ಹಿಂದಿರುಗಿದಾಗ ಅದೇ ಒಡವೆಯನ್ನು ಕಂಡು ‘ಇದು ಇಲ್ಲಿಯದೋ, ಹೊರಗೆ ಕೊಂಡದ್ದೋ?’ ಎಂದು ಅಧಿಕಾರಿ ಕೇಳಿದರೆ, ನಲವತ್ತು ವರ್ಷಗಳ ಹಿಂದಿನ ಅಕ್ಕಸಾಲಿಗನ ರಸೀತಿಯನ್ನು ಎಲ್ಲಿಂದ ತರುವುದು? ಒಂದು ವರ್ಷಕ್ಕೂ ಮೇಲ್ಪಟ್ಟು ವಿದೇಶದಲ್ಲಿದ್ದು ಬರುವವರಿಗೆ ಸ್ತ್ರೀಯರಿಗೆ 40 ಗ್ರಾಂ, ಇತರರಿಗೆ 20 ಗ್ರಾಂ ಒಡವೆಯ ವಿನಾಯಿತಿ ಉಂಟು. ಆರು ತಿಂಗಳು ಇದ್ದು ಬರುವ ಅಜ್ಜಿಗೆ ಆ ವಿನಾಯಿತಿಯ ಆಸರೆ ಇಲ್ಲ.

ಇದಕ್ಕೆ ಮದ್ದು ಹೋಗುವಾಗಲೇ ಇದೆ. ದೇಶ ಬಿಡುವ ನಿಲ್ದಾಣದ ಸುಂಕದ ಕಟ್ಟೆಯಲ್ಲಿ ಒಡವೆಗಳನ್ನು ತೋರಿಸಿ ‘ರಫ್ತು ಪ್ರಮಾಣ ಪತ್ರ’ವನ್ನು ಬರೆಸಿಕೊಳ್ಳಬೇಕು. ಬೆಲೆಬಾಳುವ ಕ್ಯಾಮರಾ ಮೊದಲಾದವುಗಳಿಗೂ ಇದೇ ಕ್ರಮ. ಹಿಂದಿರುಗಿದಾಗ ಆ ಕಾಗದವೇ ಸಾಕ್ಷಿ. ಆದರೆ ಎಚ್ಚರ: ಹುಬ್ಬಳ್ಳಿಯಲ್ಲಿಯೋ ಬೆಳಗಾವಿಯಲ್ಲಿಯೋ ವಿಮಾನ ಹತ್ತುವವರು ಪೆಟ್ಟಿಗೆಯನ್ನು ಅಲ್ಲಿಯೇ ವಿದೇಶದ ಕೊನೆಯ ಊರಿಗೆ ಒಪ್ಪಿಸಿಬಿಟ್ಟರೆ, ನಡುವಿನ ನಿಲ್ದಾಣದಲ್ಲಿ ಅದು ಕೈಗೆ ಸಿಕ್ಕುವುದಿಲ್ಲ. ಪೆಟ್ಟಿಗೆಯೊಳಗಿನ ಒಡವೆಯನ್ನು ಯಾರಿಗೆ ತೋರಿಸುವುದು? ಆದುದರಿಂದ ಒಡವೆ ಯಾವಾಗಲೂ ಮೈಮೇಲೆ ಅಥವಾ ಕೈಚೀಲದಲ್ಲಿಯೇ ಇರಬೇಕು. ಕಳವಿನ ದೃಷ್ಟಿಯಿಂದಲೂ ಇದೇ ಕ್ಷೇಮ.

ಒಂದು ಟಿಕೆಟ್ಟೋ, ಎರಡೋ?

ಸ್ವಲ್ಪ ಹಣ ಉಳಿಯಿತೆಂದು ವಿದೇಶದ ಟಿಕೆಟ್ಟನ್ನೂ ದೇಶದೊಳಗಿನ ಟಿಕೆಟ್ಟನ್ನೂ ಬೇರೆ ಬೇರೆಯಾಗಿ ಕೊಳ್ಳುವವರಿದ್ದಾರೆ. ಅಮೆರಿಕದಿಂದ ಬರುವಾಗ 23 ಕಿಲೋ ತೂಕದ ಎರಡು ಪೆಟ್ಟಿಗೆ ತರಲು ಒಪ್ಪುವ ಟಿಕೆಟ್ಟುಗಳು ಸಾಮಾನ್ಯ. ದೇಶೀಯ ವಿಮಾನದ ಅಗ್ಗದ ಟಿಕೆಟ್ಟಿನಲ್ಲಿಯೋ ಬಹುಮಟ್ಟಿಗೆ 15 ಕಿಲೋ. ಒಂದೇ ಟಿಕೆಟ್ಟಾಗಿದ್ದರೆ ಸಾಮಾನ್ಯವಾಗಿ ವಿದೇಶಯಾನದ ಮಿತಿಯೇ ಕೊನೆಯವರೆಗೆ ಸಲ್ಲುತ್ತದೆ. ಬೇರೆಯಾದರೆ ಮಿಕ್ಕ ಮೂವತ್ತೊಂದು ಕಿಲೋಗಳಿಗೆ ಕಟ್ಟೆಯಲ್ಲಿಯೇ ಹಣ ತೆರಬೇಕು. ಉಳಿಸಿದ್ದು ಅಲ್ಲಿಗೇ ಕರಗುತ್ತದೆ. ಇದಕ್ಕಿಂತ ದೊಡ್ಡ ಅಪಾಯವೊಂದುಂಟು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಒಂದೇ ಟಿಕೆಟ್ಟಿನವರನ್ನು ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪೆನಿಯದು. ಎರಡು ಟಿಕೆಟ್ಟಿನವರಿಗೆ ಆ ಆಧಾರವಿಲ್ಲ.

ನಿಲ್ದಾಣಗಳ ವಿಸ್ತಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ವಿದೇಶ ವಿಮಾನಗಳು ಎರಡನೆಯ ಟರ್ಮಿನಲ್ಲಿಗೆ ಬರುತ್ತವೆ; ದೇಶೀಯ ವಿಮಾನಗಳು ಎರಡಕ್ಕೂ ಹಂಚಿಹೋಗಿವೆ. ಮುಂಬಯಿ ಮತ್ತು ದೆಹಲಿಗಳಲ್ಲಿ ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ ಮೈಲಿಗಟ್ಟಲೆ ರಸ್ತೆಯ ಪ್ರಯಾಣ. 2025ರ ಡಿಸೆಂಬರಿನಲ್ಲಿ ನವೀ ಮುಂಬಯಿಯ ಹೊಸ ನಿಲ್ದಾಣವೂ ತೆರೆದಿದೆ. ಅದು ಬೇರೆಯೇ ಊರೆಂದು ತಿಳಿಯಬೇಕು. ಪಾಸ್‌ಪೋರ್ಟಿನ ಸಾಲು, ಪೆಟ್ಟಿಗೆಯ ಕಾಯುವಿಕೆ, ಸುಂಕ, ಮತ್ತೆ ಒಪ್ಪಿಸುವಿಕೆ, ಮತ್ತೆ ಭದ್ರತೆಯ ತಪಾಸಣೆ, ಇಷ್ಟಕ್ಕೂ ವಯಸ್ಸಾದವರಿಗೆ ಮೂರು ಗಂಟೆಗಿಂತ ಕಡಮೆ ಅವಧಿ ಸಾಲದು, ನಾಲ್ಕಿದ್ದರೆ ನೆಮ್ಮದಿ.

ಮತ್ತೆ ಒಪ್ಪಿಸುವ ಮುನ್ನ ಕೈಚೀಲವನ್ನೊಮ್ಮೆ ನೋಡಿಕೊಳ್ಳಬೇಕು. ದಾರಿಯ ಅಂಗಡಿಯಲ್ಲಿ ಕೊಂಡ ಅತ್ತರು, ಪಾನೀಯದ ಸೀಸೆಗಳನ್ನು ಈಗಲೇ ದೊಡ್ಡ ಪೆಟ್ಟಿಗೆಗೆ ಸೇರಿಸುವುದು ಜಾಣತನ. ಮುಂದಿನ ತಪಾಸಣೆಯಲ್ಲಿ ಅವು ಕೈತಪ್ಪಬಹುದು. ಮೊಬೈಲಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕ್ ಮಾತ್ರ ಇದಕ್ಕೆ ವಿರುದ್ಧ. ಅದು ಬೆಂಕಿಯ ಭಯದಿಂದಾಗಿ ಕೈಚೀಲದಲ್ಲಿಯೇ ಇರಬೇಕು. ಹೋಗುವಾಗ ಮಗಳಿಗೆಂದು ಒಣ ಕೊಬ್ಬರಿ ಕಟ್ಟುವ ತಾಯಂದಿರೂ ಕೇಳಬೇಕು: ಎಣ್ಣೆಯಂಶವುಳ್ಳ ಕೊಬ್ಬರಿ ತಾನಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ಪಟ್ಟಿಯಲ್ಲಿದೆ; ಪೆಟ್ಟಿಗೆಯಿಂದ ಅದನ್ನು ತೆಗೆಸುತ್ತಾರೆ.

ಬೇರೆ ದೇಶಗಳ ಪದ್ಧತಿ

ಅಮೆರಿಕದಲ್ಲಿಯೂ ನಮ್ಮಂತೆಯೇ, ಮೊದಲು ಇಳಿದ ಊರಿನಲ್ಲಿ ಪೆಟ್ಟಿಗೆ ಇಳಿಸಿಕೊಂಡು, ಸುಂಕದವರನ್ನು ದಾಟಿ, ಮತ್ತೆ ಒಪ್ಪಿಸುವುದು ಸಾಮಾನ್ಯ ಕ್ರಮ. ಆದರೆ ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಕುಳಿತು ತಪಾಸಣೆ ಮುಗಿಸಿ ಕಳುಹಿಸುತ್ತಾರೆ. ಯೂರೋಪಿನ ಒಕ್ಕೂಟದ ಜಾಣ್ಮೆ ಬೇರೆ. ಫ್ರಾಂಕ್‌ಫರ್ಟಿನಲ್ಲಿಳಿದು ಒಕ್ಕೂಟದ ಮತ್ತೊಂದು ಊರಿಗೆ ಹೋಗುವವನು ಪಾಸ್‌ಪೋರ್ಟನ್ನು ಮೊದಲ ಊರಿನಲ್ಲಿ ತೋರಿಸುತ್ತಾನೆ. ಒಪ್ಪಿಸಿದ ಪೆಟ್ಟಿಗೆಯ ಸುಂಕದ ವಿಚಾರಣೆ ಕೊನೆಯ ಊರಿನಲ್ಲಿ. ಒಕ್ಕೂಟದೊಳಗೇ ಹೊರಟ ಪೆಟ್ಟಿಗೆಗಳ ಚೀಟಿಗೆ ಹಸಿರು ಅಂಚು ಇರುವುದರಿಂದ ಹೊರಗಿನದು ಯಾವುದು, ಒಳಗಿನದು ಯಾವುದು ಎಂದು ಅಧಿಕಾರಿಗೆ ನೋಟಕ್ಕೇ ತಿಳಿಯುತ್ತದೆ.

ಪೆಟ್ಟಿಗೆ ಬಾರದಿದ್ದರೆ

ಪಟ್ಟಿ ನಿಂತಿತು, ಜನ ಚದುರಿತು, ನಮ್ಮ ಪೆಟ್ಟಿಗೆ ಬರಲಿಲ್ಲ. ಆಗ ದುಃಖಿಸುತ್ತ ಹೊರಗೆ ಬರಬಾರದು. ಅಂಗಳದಲ್ಲಿಯೇ ಇರುವ ಕಂಪೆನಿಯ ಕಟ್ಟೆಯಲ್ಲಿ ದೂರನ್ನು ಬರೆಸಿ, ಅದರ ಸಂಖ್ಯೆಯನ್ನೂ ಪ್ರತಿಯನ್ನೂ ಪಡೆಯಬೇಕು. ಇನ್ನೊಂದು ಕಾಗದವಿದೆ, ಅದನ್ನು ಬಲ್ಲವರು ಕಡಮೆ. ಬಾರದ ಪೆಟ್ಟಿಗೆಯ ಬಗ್ಗೆ ಕಂಪೆನಿಯಿಂದ ಪ್ರಮಾಣ ಪತ್ರ ಪಡೆದು, ಬಳಸದೆ ಉಳಿದ ಸುಂಕ ವಿನಾಯಿತಿ ಎಷ್ಟೆಂದು ಅದರ ಮೇಲೆ ಸುಂಕದ ಅಧಿಕಾರಿಯ ರುಜು ಹಾಕಿಸಬೇಕು. ಪೆಟ್ಟಿಗೆ ಆಮೇಲೆ ಬಂದಾಗ ಆ ವಿನಾಯಿತಿ ಅದಕ್ಕೆ ಸಲ್ಲುತ್ತದೆ.

1999ರ ಮಾಂಟ್ರಿಯಲ್ ಒಪ್ಪಂದ ಭಾರತಕ್ಕೆ 2009ರಲ್ಲಿ ಅನ್ವಯವಾಯಿತು. ಅದರಂತೆ ಪೆಟ್ಟಿಗೆ ಒಡೆದು ಬಂದರೆ ಕೈಸೇರಿದ ಏಳು ದಿನಗಳೊಳಗೆ, ತಡವಾಗಿ ಬಂದರೆ ಕೈಸೇರಿದ ಇಪ್ಪತ್ತೊಂದು ದಿನಗಳೊಳಗೆ ಬರೆದು ದೂರಬೇಕು. ಇಪ್ಪತ್ತೊಂದು ದಿನ ಕಳೆದರೂ ಬಾರದಿದ್ದರೆ ಕಳೆದುಹೋಯಿತೆಂದೇ ಭಾವಿಸಿ ಪರಿಹಾರ ಕೇಳಬಹುದು. ಪರಿಹಾರದ ಗರಿಷ್ಠ ಮಿತಿಯನ್ನು 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್.ಡಿ.ಆರ್. ಎಂದು ಏರಿಸಲಾಗಿದೆ, ಎಸ್.ಡಿ.ಆರ್. ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಆದರೆ ತಾಯಿಯ ಒಡವೆಗೂ ಹೊತ್ತಿಗೆ ಸರಿಯಾಗಿ ಸಿಗದ ಗುಳಿಗೆಗೂ ಯಾವ ನಿಧಿಯ ಮಾನವೂ ಬೆಲೆ ಕಟ್ಟಲಾರದು.

ತಂದೆತಾಯಿಗಳಿಗೆ ಟಿಕೆಟ್ಟು ಕೊಂಡುಕೊಡುವ ಮಕ್ಕಳು ಅದರೊಡನೆ ಒಂದು ಸಣ್ಣ ಕಾಗದವನ್ನೂ ಕನ್ನಡದಲ್ಲಿ ಬರೆದುಕೊಡಲಿ: ಮೊದಲು ಇಳಿಯುವ ಊರು ಯಾವುದು, ಅಲ್ಲಿ ಎಷ್ಟು ಪೆಟ್ಟಿಗೆ ಇಳಿಸಿಕೊಳ್ಳಬೇಕು, ಮುಂದಿನ ವಿಮಾನ ಯಾವ ಟರ್ಮಿನಲ್ಲಿನಿಂದ, ಎಷ್ಟು ಗಂಟೆಗೆ. ಕೈಚೀಲದಲ್ಲಿ ಒಂದು ವಾರದ ಔಷಧಿ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ ಇರಲಿ. ಗಾಲಿಕುರ್ಚಿಯ ಸಹಾಯ ಬೇಕಾದರೆ ಟಿಕೆಟ್ಟು ಕೊಳ್ಳುವಾಗಲೇ ಕೇಳಿಡಲಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಕಾದ ಪ್ರಮೇಯವೇ ಆಗ ಬಾರದು. ಕೇಳಿದ್ದಕ್ಕೆ ಉತ್ತರ ಕೊಟ್ಟು, ಕಾಗದ ತೋರಿಸಿ, ಪೆಟ್ಟಿಗೆ ತಳ್ಳಿಕೊಂಡು ಊರ ದಾರಿ ಹಿಡಿಯಬಹುದು.